ಈಮ್ಯಾಕ್ಸ್‌ನೊಳಗಿನ ಕೈಪಿಡಿಯನ್ನು ಕೇಳಿ ತಿಳಿಯುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಸಮೀಪದ ಡೊಂಬಿವಲಿಯ ಗೆಳೆಯರೊಬ್ಬರ ಮನೆಯಲ್ಲಿ ತಿಂಗಳಿಗೆರಡು ಭಾನುವಾರ ಸೇರುವ ನಮ್ಮ ಚಿಕ್ಕ ಗುಂಪಿನಲ್ಲಿ ಐರೋಲಿಯ ಕಂಪನಿಗಳಲ್ಲಿ ಪ್ರೋಗ್ರಾಂ ಬರೆಯುವವರಿದ್ದಾರೆ, ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಕನ್ನಡ ಸಂಶೋಧನೆ ಮಾಡುತ್ತಿರುವವರಿದ್ದಾರೆ, ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಈಗ ಊರಿನ ದೇವಸ್ಥಾನದ ಚರಿತ್ರೆ ಬರೆಯಲು ಕುಳಿತವರೂ ಇದ್ದಾರೆ. ಎಲ್ಲರೂ ಬಳಸುವುದು ಗ್ನೂ ಈಮ್ಯಾಕ್ಸ್ ಎಂಬ ಎಡಿಟರನ್ನು, ಅಂದರೆ ಪಠ್ಯ ಬರೆದು ತಿದ್ದುವ ಪ್ರೋಗ್ರಾಮನ್ನು. ಅವರು ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಎಡಿಟರಿನೊಳಗೇ ಇತ್ತು. ಅದನ್ನು ಯಾವ ಮಾತಿನಲ್ಲಿ, ಯಾವ ಬಾಗಿಲಲ್ಲಿ ನಿಂತು ಕೇಳಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಆ ಬಾಗಿಲುಗಳನ್ನು ತೋರಿಸುವುದಕ್ಕಾಗಿ ಈ ಪುಟವನ್ನು ಸಿದ್ಧಪಡಿಸಿದ್ದೇನೆ.

ಕೀಲಿಗಳನ್ನು ಬರೆದಿರುವ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ. "ಕಂಟ್ರೋಲ್-ಎಚ್ ಕೆ" ಎಂದಿರುವಲ್ಲಿ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಎಚ್ ಅಕ್ಷರವನ್ನು ಒತ್ತಿ, ಎರಡನ್ನೂ ಬಿಟ್ಟು, ಅನಂತರ ಕೆ ಅಕ್ಷರವನ್ನು ಒತ್ತಬೇಕು. ಮೆಟಾ ಎಂದರೆ ಇಂದಿನ ಕೀಲಿಮಣೆಗಳಲ್ಲಿರುವ ಆಲ್ಟ್. ಆಜ್ಞೆಗಳ ಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪು ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಕಿರುಗೆರೆಯಿಟ್ಟು ಬರೆಯಬೇಕು. ಮೊದಲ ಕೆಲವು ಅಕ್ಷರಗಳನ್ನು ಬರೆದು ಟ್ಯಾಬ್ ಒತ್ತಿದರೆ ಉಳಿದುದನ್ನು ಎಡಿಟರೇ ತುಂಬಿಕೊಡುತ್ತದೆ, ಇಲ್ಲವೇ ಹೊಂದುವ ಹೆಸರುಗಳ ಪಟ್ಟಿಯನ್ನು ತೋರಿಸುತ್ತದೆ.

## ಬೇಕಾದುದನ್ನು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದಲ್ಲ, ಎಡಿಟರಿನೊಳಗಿನ ಕೈಪಿಡಿಯನ್ನೇಕೆ ಕಲಿಯಬೇಕು?

ಅಂತರ್ಜಾಲದಲ್ಲಿ ಸಿಗುವ ಉತ್ತರ ಬೇರೊಬ್ಬರ ಈಮ್ಯಾಕ್ಸ್‌ನ ಬಗ್ಗೆ ಇರುತ್ತದೆ. ಅವರ ಆವೃತ್ತಿ ಬೇರೆ, ಹೆಚ್ಚಿನ ಸೌಲಭ್ಯಕ್ಕಾಗಿ ಅವರು ಹಾಕಿಕೊಂಡ ಪ್ಯಾಕೇಜುಗಳು ಬೇರೆ, ಅವರು ಬದಲಾಯಿಸಿಕೊಂಡ ಕೀಲಿಗಳು ಬೇರೆ. ಎಡಿಟರಿನೊಳಗಿನ ಸಹಾಯ ಮಾತ್ರ ನಿಮ್ಮ ಮುಂದಿರುವ ಈಮ್ಯಾಕ್ಸ್ ಈ ಕ್ಷಣದಲ್ಲಿ ಹೇಗಿದೆಯೋ ಹಾಗೆ ಉತ್ತರ ಕೊಡುತ್ತದೆ.

ಇದರ ಹಿಂದೆ ಒಂದು ಹಳೆಯ ನಿರ್ಧಾರವಿದೆ. ಈಮ್ಯಾಕ್ಸ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ, ಟೀಕೋ ಎಂಬ ಇನ್ನೂ ಹಳೆಯ ಎಡಿಟರಿನ ಮೇಲೆ ಕಟ್ಟಿದ ಮ್ಯಾಕ್ರೋಗಳ, ಅಂದರೆ ಒಟ್ಟಿಗೆ ನಡೆಯುವ ಆಜ್ಞೆಗಳ ಗುಚ್ಛಗಳ, ರೂಪದಲ್ಲಿ. ರಿಚರ್ಡ್ ಸ್ಟಾಲ್ಮನ್ ಅದನ್ನು ಹೊಸದಾಗಿ ಬರೆದು 1985ರಲ್ಲಿ ಗ್ನೂ ಈಮ್ಯಾಕ್ಸ್ ಆಗಿ ಎಲ್ಲರ ಬಳಕೆಗೆ ಬಿಟ್ಟರು. ತನ್ನನ್ನು ತಾನೇ ವಿವರಿಸಿಕೊಳ್ಳುವ ಎಡಿಟರ್ ಎಂಬ ವಿಶೇಷಣವನ್ನು ಅದರ ಕೈಪಿಡಿ ಇಂದಿಗೂ ಆರಂಭದಲ್ಲೇ ಬಳಸುತ್ತದೆ. ಇದು ಬರಿಯ ಹೊಗಳಿಕೆಯಲ್ಲ, ರಚನೆಯ ಮಾತು: ಪ್ರತಿ ಆಜ್ಞೆಯ ಜೊತೆಗೇ ಅದರ ವಿವರಣೆಯನ್ನೂ ಬರೆದಿಡಲಾಗುತ್ತದೆ, ಮತ್ತು ನೀವು ಒಂದು ಕೀಲಿಯ ಬಗ್ಗೆ ಕೇಳಿದಾಗ ಎಡಿಟರ್ ಮುದ್ರಿತ ಪಟ್ಟಿಯೊಂದನ್ನು ನೋಡದೆ, ಆ ಕೀಲಿಯನ್ನು ನಿಜವಾಗಿ ಒತ್ತಿದರೆ ಈಗ ಯಾವ ಆಜ್ಞೆ ನಡೆಯುತ್ತದೆಂದು ಪತ್ತೆ ಮಾಡಿ ಅದರ ವಿವರಣೆಯನ್ನು ತೋರಿಸುತ್ತದೆ.

ಇನ್ನೊಂದು ಅನುಕೂಲವನ್ನು ನಮ್ಮಂಥ ಪ್ರಯಾಣಿಕರು ಬೇಗ ಕಂಡುಕೊಳ್ಳುತ್ತೇವೆ. ಕುರ್ಲಾದಿಂದ ಮತ್ಸ್ಯಗಂಧ ಹತ್ತಿ ಮಂಗಳೂರಿನ ಕಡೆ ಹೊರಟರೆ ಕೊಂಕಣ ರೈಲಿನ ಸುರಂಗಗಳಲ್ಲಿ ಮೊಬೈಲಿನ ಸಂಪರ್ಕ ನಿಲ್ಲುತ್ತಲೇ ಇರುತ್ತದೆ; ರತ್ನಾಗಿರಿಯ ಸಮೀಪದ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದವಿದೆ. ಲ್ಯಾಪ್‌ಟಾಪಿನೊಳಗೇ ಇರುವ ಕೈಪಿಡಿಗೆ ಆ ತೊಂದರೆಯಿಲ್ಲ.

## ಮೊದಲು ಯಾವುದನ್ನು ಕಲಿಯಬೇಕು?

ಕಂಟ್ರೋಲ್-ಎಚ್ ಟಿ ಒತ್ತಿ, ತೆರೆದುಕೊಳ್ಳುವ ಪಾಠವನ್ನು ಕೊನೆಯ ತನಕ ಮಾಡಿ. ಅದು ಓದುವ ಪಾಠವಲ್ಲ, ಆ ಕಡತದಲ್ಲೇ ಕರ್ಸರನ್ನು ಓಡಾಡಿಸಿ, ಅಳಿಸಿ, ಬರೆದು ಮಾಡುವ ಪಾಠ. ಫ್ರೆಂಚ್, ಜಪಾನಿ, ಕೊರಿಯನ್, ಥಾಯ್ ಮೊದಲಾದ ಭಾಷೆಗಳಿಗೆ ಅದು ಅನುವಾದವಾಗಿದೆ. ಕನ್ನಡದಲ್ಲಿ ಇಲ್ಲವೆಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಕೊರತೆ, ಮತ್ತು ನಮ್ಮ ಗುಂಪು ಆ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ನಿಜವಾದ ಆಸೆ.

ಪಾಠ ಮುಗಿದ ಮೇಲೆ ಒಂದೇ ಒಂದು ಸಹಾಯದ ಕೀಲಿಯನ್ನು ಕಲಿಯುವುದಾದರೆ ಅದು ಕಂಟ್ರೋಲ್-ಎಚ್ ಕೆ ಆಗಿರಲಿ. ಅದನ್ನು ಒತ್ತಿದ ಬಳಿಕ ಯಾವ ಕೀಲಿಯನ್ನು ಒತ್ತಿದರೂ ಆ ಕೀಲಿಯ ಕೆಲಸ ನಡೆಯುವುದಿಲ್ಲ, ಅದು ಏನು ಮಾಡುತ್ತದೆಂಬ ವಿವರಣೆ ಇನ್ನೊಂದು ಕಿಟಕಿಯಲ್ಲಿ ಬರುತ್ತದೆ. ಮೆನುವಿನ ಒಂದು ಸಾಲನ್ನು ಮೌಸಿನಿಂದ ಒತ್ತಿದರೂ ಹೀಗೆಯೇ ವಿವರಣೆ ಸಿಗುತ್ತದೆಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಕಂಟ್ರೋಲ್-ಎಚ್ ಎಫ್ ಆಜ್ಞೆಯ ಹೆಸರನ್ನು ಕೇಳಿ ಅದರ ವಿವರಣೆ ಕೊಡುತ್ತದೆ; ಕಂಟ್ರೋಲ್-ಎಚ್ ವಿ ಹೊಂದಿಕೆಯೊಂದರ, ಅಂದರೆ ವೇರಿಯಬಲ್‌ನ, ಈಗಿನ ಮೌಲ್ಯವನ್ನೂ ಅರ್ಥವನ್ನೂ ತೋರಿಸುತ್ತದೆ; ಕಂಟ್ರೋಲ್-ಎಚ್ ಡಬ್ಲ್ಯು ಎಂಬುದು ಕಂಟ್ರೋಲ್-ಎಚ್ ಕೆ ಕೇಳುವುದರ ತಿರುವು ಪ್ರಶ್ನೆ, ಆಜ್ಞೆಯ ಹೆಸರು ಕೊಟ್ಟರೆ ಅದು ಯಾವ ಕೀಲಿಯಲ್ಲಿದೆಯೆಂದು ಹೇಳುತ್ತದೆ. ಇವೆಲ್ಲ ಮರೆತುಹೋದರೆ ಕಂಟ್ರೋಲ್-ಎಚ್ ಅನ್ನು ಎರಡು ಬಾರಿ ಒತ್ತಿ, ಸಹಾಯದ ಎಲ್ಲ ಕೀಲಿಗಳ ಪಟ್ಟಿಯೇ ಬರುತ್ತದೆ. ಸಹಾಯದ ಕಿಟಕಿಗೆ ಹೋಗಿ ಕ್ಯೂ ಒತ್ತಿದರೆ ಅದು ಮರೆಯಾಗುತ್ತದೆ.

## ಕಂಟ್ರೋಲ್-ಎಚ್ ಒತ್ತಿದರೆ ಸಹಾಯ ಬರುವುದಿಲ್ಲ, ಹಿಂದಿನ ಅಕ್ಷರ ಅಳಿಯುತ್ತದೆ. ಏಕೆ?

ಕೆಲವು ಟರ್ಮಿನಲ್‌ಗಳು, ಅಂದರೆ ಬರಿಯ ಅಕ್ಷರಗಳಲ್ಲಿ ಆಜ್ಞೆ ಕೊಡುವ ಕಿಟಕಿಗಳು, ಬ್ಯಾಕ್‌ಸ್ಪೇಸ್ ಕೀಲಿಗೂ ಕಂಟ್ರೋಲ್-ಎಚ್‌ಗೂ ಒಂದೇ ಸಂಕೇತವನ್ನು ಕಳಿಸುತ್ತವೆ, ಹಾಗಾಗಿ ಗೊಂದಲವಾಗುತ್ತದೆ. ಎಫ್1 ಕೀಲಿಯೂ ಕಂಟ್ರೋಲ್-ಎಚ್‌ನ ಕೆಲಸವನ್ನೇ ಮಾಡುತ್ತದೆ. ಎಫ್1 ಕೆ, ಎಫ್1 ಎಫ್ ಎಂದು ಬಳಸಿ.

## ನನಗೇನು ಬೇಕೆಂದು ಗೊತ್ತು, ಆದರೆ ಆಜ್ಞೆಯ ಹೆಸರು ಗೊತ್ತಿಲ್ಲ. ಹೇಗೆ ಹುಡುಕಲಿ?

ನನಗೆ ಅತಿ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದು, ಮತ್ತು ಜನರು ಈಮ್ಯಾಕ್ಸ್ ಬಿಟ್ಟುಹೋಗುವುದಕ್ಕೆ ನಾನು ಕಂಡ ಮುಖ್ಯ ಕಾರಣವೂ ಇದೇ.

ಹೆಸರು ಗೊತ್ತಿಲ್ಲದಾಗ ಬಳಸುವ ಕೀಲಿ ಕಂಟ್ರೋಲ್-ಎಚ್ ಎ. ಅದು ಒಂದೆರಡು ಪದಗಳನ್ನು ಕೇಳಿ, ಹೆಸರಿನಲ್ಲಿ ಆ ಪದಗಳಿರುವ ಆಜ್ಞೆಗಳನ್ನೆಲ್ಲ ಅವುಗಳ ವಿವರಣೆಯ ಮೊದಲ ಸಾಲಿನೊಡನೆ ಪಟ್ಟಿ ಮಾಡುತ್ತದೆ. ಮೂರು ಪದ ಕೊಟ್ಟರೆ ಅವುಗಳಲ್ಲಿ ಯಾವ ಎರಡು ಹೊಂದಿದರೂ ಸಾಕು. ಆದರೆ ಇಲ್ಲಿಯೇ ಹೊಸಬರು ಎಡವುವುದು: ಈಮ್ಯಾಕ್ಸ್‌ನ ಶಬ್ದಕೋಶ ಉಳಿದ ಪ್ರೋಗ್ರಾಂಗಳ ಶಬ್ದಕೋಶಕ್ಕಿಂತ ಹಳೆಯದು. ಕಟ್ ಮತ್ತು ಪೇಸ್ಟ್ ಎಂಬ ಪದಗಳು ಎಲ್ಲೆಡೆ ಹರಡುವ ಮೊದಲೇ ಅದು ತನ್ನ ಹೆಸರುಗಳನ್ನು ಇಟ್ಟುಕೊಂಡಿತ್ತು. ಅಲ್ಲಿ ಕತ್ತರಿಸುವುದಕ್ಕೆ ಕಿಲ್ ಎನ್ನುತ್ತಾರೆ, ಅಂಟಿಸುವುದಕ್ಕೆ ಯ್ಯಾಂಕ್. ನಕಲು ಮಾಡುವ ಆಜ್ಞೆಯ ಹೆಸರು ಕಿಲ್-ರಿಂಗ್-ಸೇವ್. ಕಡತವನ್ನು ತೆರೆಯುವ ಆಜ್ಞೆಯಲ್ಲಿ ಓಪನ್ ಎಂಬ ಪದವೇ ಇಲ್ಲ, ಅದು ಫೈಂಡ್-ಫೈಲ್. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ವಿಂಡೋ: ನಾವು ವಿಂಡೋ ಎಂದು ಕರೆಯುವ, ಪರದೆಯ ಮೇಲೆ ಎಳೆದಾಡಬಹುದಾದ ಚೌಕಕ್ಕೆ ಈಮ್ಯಾಕ್ಸ್‌ನಲ್ಲಿ ಫ್ರೇಮ್ ಎಂದು ಹೆಸರು, ಆ ಚೌಕವನ್ನು ಒಳಗೆ ಸೀಳಿದರೆ ಆಗುವ ಭಾಗಗಳಿಗೆ ವಿಂಡೋ ಎಂದು ಹೆಸರು. ಉದ್ದ ಸಾಲನ್ನು ಮುರಿದು ಪ್ಯಾರಾ ಒಪ್ಪ ಮಾಡುವುದು ಫಿಲ್. ಕರ್ಸರ್ ಇರುವ ಜಾಗ ಪಾಯಿಂಟ್, ಆಯ್ದ ಭಾಗ ರೀಜನ್.

ನಮ್ಮ ನಿವೃತ್ತ ಹಿರಿಯರು ಪೇಸ್ಟ್ ಎಂಬ ಪದ ಕೊಟ್ಟು, ಬೇಕಾದುದು ಸಿಗದೆ, ಈ ಎಡಿಟರಿನಲ್ಲಿ ಸೌಲಭ್ಯವೇ ಇಲ್ಲವೆಂದು ತಿಳಿದುಕೊಂಡಿದ್ದರು. ಸೌಲಭ್ಯವಿತ್ತು, ಅದನ್ನು ಕರೆಯುವ ಹೆಸರು ಬೇರೆಯಿತ್ತು. ಮಂಗಳೂರಿನಿಂದ ಮುಂಬಯಿಗೆ ಬಂದ ಮೊದಲ ವಾರ ಬಸಳೆಸೊಪ್ಪನ್ನು ಮಾರುಕಟ್ಟೆಯಲ್ಲಿ ಮಾಯಾಳು ಎಂದು ಕೇಳಬೇಕೆಂದು ಗೊತ್ತಾಗುವವರೆಗೆ ನಾವೂ ಹೀಗೆಯೇ ಬರಿಗೈಯಲ್ಲಿ ಮರಳುತ್ತಿದ್ದೆವಲ್ಲ.

ಈ ಅಂತರವನ್ನು ದಾಟಲು ಮೂರು ದಾರಿಗಳಿವೆ. ಮೊದಲನೆಯದು ಕೈಪಿಡಿಯ ಕೊನೆಯ ಭಾಗದಲ್ಲಿರುವ ಪದಕೋಶ, ಅಂದರೆ ಗ್ಲಾಸರಿ ಎಂಬ ಅಧ್ಯಾಯ. ಅದನ್ನು ಒಮ್ಮೆ ನಿಧಾನವಾಗಿ ಓದಿದವರಿಗೆ ಮುಂದಿನ ಎಲ್ಲ ಹುಡುಕಾಟವೂ ಹಗುರವಾಗುತ್ತದೆ, ಮತ್ತು ಒಂದು ಮಧ್ಯಾಹ್ನವನ್ನು ಅದಕ್ಕಾಗಿ ಎತ್ತಿಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಎರಡನೆಯದು ಕೈಪಿಡಿಯ ಸೂಚಿ. ಕಂಟ್ರೋಲ್-ಎಚ್ ಆರ್ ಒತ್ತಿ ಕೈಪಿಡಿ ತೆರೆದು, ಐ ಒತ್ತಿ ಪೇಸ್ಟಿಂಗ್ ಎಂದು ಬರೆಯಿರಿ. ಸೂಚಿಯನ್ನು ಮನುಷ್ಯರು ಓದುಗರ ಮಾತನ್ನು ಊಹಿಸಿ ತಯಾರಿಸಿರುವುದರಿಂದ ಅದು ಯ್ಯಾಂಕ್ ಇರುವ ಪುಟಕ್ಕೆ ನಿಮ್ಮನ್ನು ಒಯ್ಯುತ್ತದೆ. ಮೂರನೆಯದು ಕಂಟ್ರೋಲ್-ಎಚ್ ಡಿ. ಅದು ಆಜ್ಞೆಗಳ ಹೆಸರನ್ನಲ್ಲ, ವಿವರಣೆಗಳ ಒಳಗಿನ ಪದಗಳನ್ನು ಹುಡುಕುತ್ತದೆ. ಆದರೆ ತಾನಾಗಿ ಅದು ಈಮ್ಯಾಕ್ಸ್ ಆರಂಭವಾಗುವಾಗಲೇ ಇರುವ ಆಜ್ಞೆಗಳನ್ನು ಮಾತ್ರ ನೋಡುತ್ತದೆ. ಅನಂತರ ಸೇರಿದವುಗಳನ್ನೂ ನೋಡಬೇಕಾದರೆ ಮೊದಲು ಕಂಟ್ರೋಲ್-ಯು ಒತ್ತಿ ಆಮೇಲೆ ಕಂಟ್ರೋಲ್-ಎಚ್ ಡಿ ಒತ್ತಬೇಕು.

## ಏನೋ ಒತ್ತಿದೆ, ಬರೆದದ್ದರಲ್ಲಿ ಹೆಚ್ಚಿನ ಭಾಗ ಮಾಯವಾಯಿತು. ಏನು ಒತ್ತಿದೆನೆಂದೂ ಗೊತ್ತಿಲ್ಲ. ಈಗೇನು ಮಾಡಲಿ?

ಕಡತವನ್ನು ಮುಚ್ಚಬೇಡಿ. ಕಂಟ್ರೋಲ್-ಜಿ ಒತ್ತಿ, ಅರ್ಧಕ್ಕೆ ನಿಂತ ಯಾವುದೇ ಆಜ್ಞೆಯಿದ್ದರೆ ಅದು ರದ್ದಾಗಲಿ. ಅನಂತರ ಕಂಟ್ರೋಲ್-ಎಚ್ ಎಲ್ ಒತ್ತಿ. ನೀವು ಕಡೆಗೆ ಒತ್ತಿದ ಕೀಲಿಗಳು, ಸಾಮಾನ್ಯ ಹೊಂದಿಕೆಯಲ್ಲಿ 300ರವರೆಗೆ, ಅವುಗಳಿಂದ ನಡೆದ ಆಜ್ಞೆಗಳ ಹೆಸರಿನೊಡನೆ ಕಾಣಿಸುತ್ತವೆ. ಕಂಟ್ರೋಲ್-ಎಚ್ ಇ ಒತ್ತಿದರೆ ಪರದೆಯ ತಳದಲ್ಲಿ ಕಾಣಿಸಿಕೊಂಡು ಮರೆಯಾದ ಸೂಚನೆಗಳೆಲ್ಲ ಒಂದೆಡೆ ಸಿಗುತ್ತವೆ.

ಕಲೀನಾದ ಸಂಶೋಧಕಿಯೊಬ್ಬರಿಗೆ ಪ್ರಬಂಧ ಸಲ್ಲಿಸುವ ಹಿಂದಿನ ವಾರ ಹೀಗೆಯೇ ಆಯಿತು. ಇಡೀ ಅಧ್ಯಾಯ ಹೋಗಿ ಒಂದು ಪ್ಯಾರಾ ಮಾತ್ರ ಪರದೆಯಲ್ಲಿ ಉಳಿಯಿತು. ಮಧ್ಯದಲ್ಲಿ ಎಡಿಟರ್ ಏನೋ ಕೇಳಿತ್ತು, ಅವರು ಗಾಬರಿಯಲ್ಲಿ ಸ್ಪೇಸ್ ಒತ್ತಿದ್ದರು. ಫೋನಿನಲ್ಲಿ ಅವರ ದನಿ ನಡುಗುತ್ತಿತ್ತು. ಕಂಟ್ರೋಲ್-ಎಚ್ ಎಲ್ ಒತ್ತಿಸಿದಾಗ ಕೊನೆಯ ಸಾಲುಗಳಲ್ಲಿ ಕಂಟ್ರೋಲ್-ಎಕ್ಸ್ ಎನ್ ಎನ್ ಎಂದೂ ಪಕ್ಕದಲ್ಲಿ ನ್ಯಾರೋ-ಟು-ರೀಜನ್ ಎಂಬ ಹೆಸರೂ ಕಂಡವು. ಕಂಟ್ರೋಲ್-ಎಚ್ ಎಫ್ ಒತ್ತಿ ಆ ಹೆಸರನ್ನು ಕೊಟ್ಟೊಡನೆ ಬಂದ ವಿವರಣೆ ಹೇಳಿದ್ದಿಷ್ಟು: ಈ ಆಜ್ಞೆ ಆಯ್ದ ಭಾಗಕ್ಕೆ ಮಾತ್ರ ತಿದ್ದುವಿಕೆಯನ್ನು ಸೀಮಿತಗೊಳಿಸುತ್ತದೆ, ಉಳಿದ ಪಠ್ಯ ತಾತ್ಕಾಲಿಕವಾಗಿ ಕಾಣದಂತಾಗುತ್ತದೆ ಆದರೆ ಅಳಿದಿರುವುದಿಲ್ಲ, ಉಳಿಸಿದರೆ ಕಾಣದ ಭಾಗವೂ ಕಡತದಲ್ಲಿ ಸೇರುತ್ತದೆ, ಕಂಟ್ರೋಲ್-ಎಕ್ಸ್ ಎನ್ ಡಬ್ಲ್ಯು ಒತ್ತಿದರೆ ಎಲ್ಲವೂ ಮತ್ತೆ ಕಾಣುತ್ತದೆ. ಅವರಿಗೆ ಬೇಕಾದ ಪ್ರತಿಯೊಂದು ಮಾತೂ ಆ ನಾಲ್ಕೈದು ಸಾಲುಗಳಲ್ಲಿತ್ತು.

ಆ ವಿವರಣೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಂಟ್ರೋಲ್-ಎಕ್ಸ್ ಎನ್ ಡಬ್ಲ್ಯು ಎಂಬ ಕೀಲಿಯನ್ನು ಬರೆದವರು ಅಕ್ಷರಶಃ ಹಾಗೆ ಬರೆದಿಲ್ಲ. "ವೈಡನ್ ಆಜ್ಞೆಯ ಕೀಲಿ ಇಲ್ಲಿ ಬರಲಿ" ಎಂಬ ಗುರುತನ್ನು ಮಾತ್ರ ಇಟ್ಟಿದ್ದಾರೆ; ತೋರಿಸುವ ಹೊತ್ತಿನಲ್ಲಿ ಎಡಿಟರ್ ಆ ಜಾಗದಲ್ಲಿ ನಿಮ್ಮ ಕೀಲಿಯನ್ನು ತುಂಬುತ್ತದೆ. ನೀವು ಆ ಆಜ್ಞೆಯನ್ನು ಬೇರೆ ಕೀಲಿಗೆ ಕಟ್ಟಿಕೊಂಡಿದ್ದರೆ ವಿವರಣೆಯಲ್ಲೂ ಆ ಬೇರೆ ಕೀಲಿಯೇ ಕಾಣುತ್ತದೆ. ಮೊದಲ ಉತ್ತರದಲ್ಲಿ ನಿಮ್ಮ ಈಮ್ಯಾಕ್ಸ್ ಎಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಎಡಿಟರ್ ಏನೋ ಕೇಳಿದ್ದೂ ಕಾರಣವಿಲ್ಲದೆ ಅಲ್ಲ. ಹೊಸಬರನ್ನು ಗಾಬರಿಗೊಳಿಸಬಹುದಾದ ಕೆಲವು ಆಜ್ಞೆಗಳನ್ನು ಈಮ್ಯಾಕ್ಸ್ ತಡೆಹಿಡಿದಿರುತ್ತದೆ, ಮೊದಲ ಬಾರಿ ಒತ್ತಿದಾಗ ವಿವರಣೆ ತೋರಿಸಿ ಒಪ್ಪಿಗೆ ಕೇಳುತ್ತದೆ. ಆಗ ಸ್ಪೇಸ್ ಒತ್ತಿದರೆ ಈ ಒಂದು ಸಲಕ್ಕೆ ನಡೆಸು ಎಂದರ್ಥ, ಎನ್ ಒತ್ತಿದರೆ ಬೇಡ ಎಂದರ್ಥ.

## ವಿವರಣೆಗಳು ಬಿಗಿಯಾದ ಇಂಗ್ಲಿಷಿನಲ್ಲಿವೆ, ಓದಿದರೂ ಅರ್ಥವಾಗುವುದಿಲ್ಲ.

ಅವುಗಳಿಗೆ ತಮ್ಮದೇ ಆದ ಒಂದು ವ್ಯಾಕರಣವಿದೆ. ಅದು ತಿಳಿದರೆ ಸಾಧಾರಣ ಇಂಗ್ಲಿಷ್ ಬಲ್ಲವರೂ ಸಲೀಸಾಗಿ ಓದಬಹುದು. ಮೊದಲ ಸಾಲು ಯಾವಾಗಲೂ ಒಂದು ಪೂರ್ಣ ವಾಕ್ಯ, ಆಜ್ಞೆಯ ಸಾರವೆಲ್ಲ ಅದರಲ್ಲಿರಬೇಕೆಂಬುದು ಬರೆಯುವವರು ಪಾಲಿಸುವ ನಿಯಮ. ಅವಸರದಲ್ಲಿದ್ದರೆ ಅಷ್ಟೇ ಓದಿ. ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆದ ಪದಗಳು ಒತ್ತಿ ಹೇಳುವುದಕ್ಕಾಗಿ ಬಂದವಲ್ಲ, ಅವು ಆ ಆಜ್ಞೆಗೆ ನೀವು ಕೊಡಬೇಕಾದ ಮಾಹಿತಿಯ ಹೆಸರುಗಳು. ಪ್ರಿಫಿಕ್ಸ್ ಆರ್ಗ್ಯುಮೆಂಟ್ ಎಂದು ಕಂಡರೆ, ಆಜ್ಞೆಗೆ ಮೊದಲು ಕಂಟ್ರೋಲ್-ಯು ಒತ್ತಿದರೆ ಅದರ ವರ್ತನೆ ಬದಲಾಗುತ್ತದೆಂದು ತಿಳಿಯಿರಿ. ಎಷ್ಟೋ ಆಜ್ಞೆಗಳ ಒಳ್ಳೆಯ ಗುಣ ಆ ಒಂದು ವಾಕ್ಯದಲ್ಲಿ ಅಡಗಿರುತ್ತದೆ. ನಿಲ್ ಎಂದರೆ ಇಲ್ಲ, ನಾನ್-ನಿಲ್ ಎಂದರೆ ಇಲ್ಲ ಎಂಬುದನ್ನು ಬಿಟ್ಟು ಬೇರೆ ಏನೇ ಆದರೂ. "ನಾನ್-ನಿಲ್ ಆದರೆ ಹೀಗೆ ಮಾಡುತ್ತದೆ" ಎಂಬ ಹೊಂದಿಕೆಯನ್ನು ಚಾಲೂ ಮಾಡಲು ಅದಕ್ಕೆ ಟಿ ಎಂಬ ಮೌಲ್ಯ ಕೊಡುವುದು ರೂಢಿ.

ವಿವರಣೆಯೊಳಗೆ ಅಡಿಗೆರೆಯಿರುವ ಹೆಸರುಗಳ ಮೇಲೆ ಎಂಟರ್ ಒತ್ತಿದರೆ ಅವುಗಳ ವಿವರಣೆ ತೆರೆಯುತ್ತದೆ, ಟ್ಯಾಬ್ ಒತ್ತಿದರೆ ಮುಂದಿನ ಹೆಸರಿಗೆ ಹೋಗಬಹುದು, ಎಲ್ ಒತ್ತಿದರೆ ಬಂದ ದಾರಿಯಲ್ಲಿ ಹಿಂದೆ. ಇಷ್ಟರಿಂದ ತೃಪ್ತಿಯಾಗದಿದ್ದರೆ ಕಂಟ್ರೋಲ್-ಎಚ್ ಒತ್ತಿ ದೊಡ್ಡಕ್ಷರದ ಎಫ್ ಒತ್ತಿ, ಆಜ್ಞೆಯ ಹೆಸರು ಕೊಡಿ. ಆ ಆಜ್ಞೆಯನ್ನು ಉದಾಹರಣೆ ಸಮೇತ ಚರ್ಚಿಸಿರುವ ಕೈಪಿಡಿಯ ಪುಟವೇ ತೆರೆಯುತ್ತದೆ. ಆಜ್ಞೆಯ ವಿವರಣೆ ನಿಘಂಟಿನ ಹಾಗೆ, ಕೈಪಿಡಿ ಪಾಠ ಹೇಳುವ ಮೇಷ್ಟ್ರ ಹಾಗೆ. ಹೊಸಬರಿಗೆ ಹಲವು ಬಾರಿ ಬೇಕಾಗಿರುವುದು ಎರಡನೆಯದು.

## ಇನ್ಫೋ ಎಂಬುದರೊಳಗೆ ಹೋದರೆ ದಾರಿ ತಪ್ಪುತ್ತದೆ. ಅದರಲ್ಲಿ ಓಡಾಡುವುದು ಹೇಗೆ?

ಇನ್ಫೋ ಎಂದರೆ ಕೈಪಿಡಿಗಳನ್ನು ಓದುವ ಒಳಗಿನ ಓದುಕೋಣೆ. ಕಂಟ್ರೋಲ್-ಎಚ್ ಐ ಒತ್ತಿದರೆ ನಿಮ್ಮ ಯಂತ್ರದಲ್ಲಿರುವ ಎಲ್ಲ ಕೈಪಿಡಿಗಳ ಪಟ್ಟಿ ತೆರೆಯುತ್ತದೆ. ಪ್ರತಿ ಕೈಪಿಡಿಯೂ ಮರದ ಹಾಗೆ ಕವಲೊಡೆದಿರುತ್ತದೆ. ಬರಿಯ ಸ್ಪೇಸ್ ಒತ್ತುತ್ತ ಹೋದರೆ ಪುಸ್ತಕವನ್ನು ಮೊದಲಿಂದ ಕೊನೆಗೆ ಓದಿದ ಹಾಗೆ ಪುಟ ಮುಗಿದ ಮೇಲೆ ಮುಂದಿನ ಪುಟ ತಾನಾಗಿ ಬರುತ್ತದೆ. ಯು ಒತ್ತಿದರೆ ಒಂದು ಮಟ್ಟ ಮೇಲೆ, ಎನ್ ಒತ್ತಿದರೆ ಅದೇ ಮಟ್ಟದ ಮುಂದಿನ ಪುಟ, ಪಿ ಒತ್ತಿದರೆ ಹಿಂದಿನದು.

ದಾರಿ ತಪ್ಪಿದಾಗ ನೆನಪಿಡಬೇಕಾದುದು ಎಲ್. ಅದು ಮರದ ರಚನೆಯನ್ನು ಲೆಕ್ಕಿಸದೆ, ನೀವು ಎಲ್ಲಿಂದ ಬಂದಿರೋ ಅಲ್ಲಿಗೆ ಒಯ್ಯುತ್ತದೆ. ಡಿ ಒತ್ತಿದರೆ ಎಲ್ಲಿದ್ದರೂ ಕೈಪಿಡಿಗಳ ಪಟ್ಟಿಗೆ ಮರಳಬಹುದು.

ಅನುಭವಿಗಳು ಮೆನು ಹಿಡಿದು ಇಳಿಯುವುದು ಕಡಿಮೆ; ಐ ಒತ್ತಿ ಸೂಚಿಯಲ್ಲಿ ಪದ ಹುಡುಕಿ, ಮೊದಲು ಸಿಕ್ಕ ಪುಟ ಬೇಡವೆಂದರೆ ಅಲ್ಪವಿರಾಮದ ಕೀಲಿ ಒತ್ತಿ ಆ ಪದಕ್ಕೆ ಹೊಂದುವ ಮುಂದಿನ ಪುಟಕ್ಕೆ ಹೋಗುತ್ತಾರೆ. ಸೂಚಿಯಲ್ಲಿ ಸಿಗದಿದ್ದರೆ ಎಸ್ ಒತ್ತಿ ಇಡೀ ಕೈಪಿಡಿಯ ಪಠ್ಯದಲ್ಲೇ ಹುಡುಕಬಹುದು. ಯಾವ ಕೈಪಿಡಿಯಲ್ಲಿದೆಯೆಂದೇ ಗೊತ್ತಿಲ್ಲದಾಗ ಮೆಟಾ-ಎಕ್ಸ್ (ಆಜ್ಞೆಯನ್ನು ಹೆಸರಿನಿಂದಲೇ ನಡೆಸುವ ಕೀಲಿ) ಒತ್ತಿ ಇನ್ಫೋ-ಅಪ್ರಪೋ ಎಂಬ ಆಜ್ಞೆ ಕೊಟ್ಟರೆ ಎಲ್ಲ ಕೈಪಿಡಿಗಳ ಸೂಚಿಗಳನ್ನೂ ಒಟ್ಟಿಗೆ ಜಾಲಾಡುತ್ತದೆ. ಇನ್ಫೋ ಒಳಗೆ ಎಚ್ ಒತ್ತಿದರೆ ಇನ್ಫೋ ಬಳಸುವುದನ್ನೇ ಕಲಿಸುವ ಪಾಠವೂ ಇದೆ.

## ಕಂಟ್ರೋಲ್-ಎಚ್ ಆರ್ ಒತ್ತಿದರೆ ಕೈಪಿಡಿ ಸಿಗಲಿಲ್ಲ ಎನ್ನುತ್ತದೆ.

ನೀವು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಬಳಸುತ್ತಿರಬಹುದು. ಈಮ್ಯಾಕ್ಸ್ ಕೈಪಿಡಿಯ ಪರವಾನಗಿಯಲ್ಲಿ ಬದಲಾಯಿಸಬಾರದ ಭಾಗಗಳಿವೆ. ಅದು ಡೆಬಿಯನ್ ಯೋಜನೆಯ ಮುಕ್ತತೆಯ ನಿಯಮಗಳಿಗೆ ಹೊಂದುವುದಿಲ್ಲವೆಂದು ಅವರು ಕೈಪಿಡಿಯನ್ನು ಪ್ರತ್ಯೇಕ ಪ್ಯಾಕೇಜಾಗಿ ಮುಕ್ತವಲ್ಲದ ವಿಭಾಗದಲ್ಲಿ ಇಟ್ಟಿದ್ದಾರೆ. ಆ ವಿಭಾಗವನ್ನು ಚಾಲೂ ಮಾಡಿ ಈಮ್ಯಾಕ್ಸ್-ಕಾಮನ್-ನಾನ್-ಡಿಎಫ್‌ಎಸ್‌ಜಿ ಎಂಬ ಪ್ಯಾಕೇಜನ್ನು ಹಾಕಿಕೊಳ್ಳಿ. ಆಜ್ಞೆಗಳ ವಿವರಣೆಗಳಿಗೆ ಈ ತೊಂದರೆಯಿಲ್ಲ, ಅವು ಎಡಿಟರಿನ ಜೊತೆಗೇ ಬರುತ್ತವೆ.

## ಇರುವುದೇ ಗೊತ್ತಿಲ್ಲದ ಸೌಲಭ್ಯವನ್ನು ಕೇಳುವುದು ಹೇಗೆ?

ಇದು ನನಗೆ ಬಹಳ ಪ್ರಿಯವಾದ ಪ್ರಶ್ನೆ. ಗೊತ್ತಿರುವ ಕೆಲಸಕ್ಕೆ ಕೀಲಿ ಹುಡುಕುವುದು ಒಂದು ಬಗೆ, ಇಂಥದ್ದೊಂದು ಕೆಲಸ ಸಾಧ್ಯವೆಂದು ಕಂಡುಕೊಳ್ಳುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಸ್ವಲ್ಪ ಅಡ್ಡಾಡುವ ಮನಸ್ಸು ಬೇಕು.

ಯಾವುದೇ ಹೊಸ ಜಾಗಕ್ಕೆ ಬಂದಾಗ ಕಂಟ್ರೋಲ್-ಎಚ್ ಎಂ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಈಗಿನ ಬಫರಿನಲ್ಲಿ (ತೆರೆದಿಟ್ಟ ಪಠ್ಯದಲ್ಲಿ) ಯಾವ ಮೋಡ್‌ಗಳು (ಒಂದೊಂದು ಬಗೆಯ ಕೆಲಸಕ್ಕೆ ಹೊಂದಿಸಿದ ವರ್ತನೆಗಳು) ನಡೆಯುತ್ತಿವೆ, ಅವು ಯಾವ ಕೀಲಿಗಳನ್ನು ಕೊಟ್ಟಿವೆ ಎಂಬುದೆಲ್ಲ ಬರುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಮೆಟಾ-ಎಕ್ಸ್ ಒತ್ತಿ ಕ್ಯಾಲೆಂಡರ್ ಎಂದು ಕೊಟ್ಟರೆ ಮೂರು ತಿಂಗಳ ಪಂಚಾಂಗದ ಹಾಗೊಂದು ಪುಟ ಬರುತ್ತದೆ. ನಾನು ಅದನ್ನು ತಾರೀಕು ನೋಡುವುದಕ್ಕೆಂದೇ ಬಹುಕಾಲ ಬಳಸಿದೆ. ಒಂದು ದಿನ ಅಲ್ಲಿ ಕಂಟ್ರೋಲ್-ಎಚ್ ಎಂ ಒತ್ತಿದಾಗ ದೊಡ್ಡಕ್ಷರದ ಎಸ್ ಒತ್ತಿದರೆ ಆ ದಿನದ ಸೂರ್ಯೋದಯ ಮತ್ತು ಸೂರ್ಯಾಸ್ತದ ಸಮಯ ಸಿಗುತ್ತದೆಂದು ಗೊತ್ತಾಯಿತು. ಒತ್ತಿದರೆ ಅದು ಊರಿನ ಅಕ್ಷಾಂಶ ರೇಖಾಂಶಗಳನ್ನು ಕೇಳಿತು. ಪ್ರತಿ ಬಾರಿ ಕೇಳದಂತೆ ಮಾಡಲು ಕಂಟ್ರೋಲ್-ಎಚ್ ವಿ ಒತ್ತಿ ಕ್ಯಾಲೆಂಡರ್-ಲ್ಯಾಟಿಟ್ಯೂಡ್ ಎಂಬ ಹೊಂದಿಕೆಯ ವಿವರಣೆ ಓದಿ, ಮುಂಬಯಿಗೆ 19.1 ಎಂದು, ಅದರ ಜೊತೆಯದಾದ ಕ್ಯಾಲೆಂಡರ್-ಲಾಂಗಿಟ್ಯೂಡ್‌ಗೆ 72.9 ಎಂದು ಕೊಟ್ಟೆ. ಒಂದು ಕೀಲಿಯಿಂದ ಇನ್ನೊಂದು ಹೊಂದಿಕೆಗೆ, ಅಲ್ಲಿಂದ ಅದರ ಬದಲಾವಣೆಗೆ, ಹೊರಗಿನ ಯಾರನ್ನೂ ಕೇಳದೆ ಹೋಗಿ ತಲುಪಬಹುದೆಂಬುದು ಆ ದಿನ ನನಗೆ ಮನದಟ್ಟಾಯಿತು.

ಇನ್ನೊಂದು ಉಪಾಯ ಅರ್ಧ ಕೀಲಿಯದು. ಕಂಟ್ರೋಲ್-ಎಕ್ಸ್ ನಂಥ ಮೊದಲ ಕೀಲಿಯನ್ನು ಒತ್ತಿ, ಮುಂದಿನದು ನೆನಪಾಗದಿದ್ದರೆ ಕಂಟ್ರೋಲ್-ಎಚ್ ಒತ್ತಿ. ಆ ಮೊದಲ ಕೀಲಿಯಿಂದ ಆರಂಭವಾಗುವ ಎಲ್ಲ ಕೀಲಿಗಳ ಪಟ್ಟಿ ಬರುತ್ತದೆ. ಕಂಟ್ರೋಲ್-ಎಕ್ಸ್ ಆರ್ ಒತ್ತಿ ಹೀಗೆ ಮಾಡಿ ನೋಡಿ. ಬುಕ್‌ಮಾರ್ಕುಗಳು, ಪಠ್ಯವನ್ನೋ ಜಾಗವನ್ನೋ ತಾತ್ಕಾಲಿಕವಾಗಿ ಎತ್ತಿಡುವ ರಿಜಿಸ್ಟರುಗಳು, ಪಠ್ಯದಿಂದ ಲಂಬವಾದ ಪಟ್ಟಿಯನ್ನೇ ಕತ್ತರಿಸಿ ತೆಗೆಯುವ ಆಯತದ ಆಜ್ಞೆಗಳು, ಎಲ್ಲವೂ ಒಂದೇ ಕಡೆ ಸಿಗುತ್ತವೆ. ಈ ಪಟ್ಟಿ ತಾನಾಗಿಯೇ ಪರದೆಯ ತಳದಲ್ಲಿ ಮೂಡುವಂತೆ ಮಾಡುವ ವಿಚ್-ಕೀ ಎಂಬ ಸೌಲಭ್ಯ ಹಿಂದೆ ಪ್ರತ್ಯೇಕ ಪ್ಯಾಕೇಜಾಗಿತ್ತು. 2025ರ ಫೆಬ್ರವರಿಯಲ್ಲಿ ಬಂದ 30.1ನೇ ಆವೃತ್ತಿಯಿಂದ ಅದು ಈಮ್ಯಾಕ್ಸ್‌ನ ಜೊತೆಗೇ ಬರುತ್ತದೆ. ಮೆಟಾ-ಎಕ್ಸ್ ಒತ್ತಿ ವಿಚ್-ಕೀ-ಮೋಡ್ ಎಂದು ಕೊಟ್ಟರೆ ಸಾಕು.

ಕಂಟ್ರೋಲ್-ಎಚ್ ಪಿ ಒತ್ತಿದರೆ ಒಳಗೇ ಇರುವ ಲೈಬ್ರರಿಗಳನ್ನು ವಿಷಯವಾರು ವಿಂಗಡಿಸಿ ತೋರಿಸುತ್ತದೆ. ಮಳೆಗಾಲದಲ್ಲಿ ಲೋಕಲ್ ಗಾಡಿ ನಿಂತುಹೋದ ಸಂಜೆಗಳಲ್ಲಿ ತಿರುವಿ ಹಾಕಲು ಒಳ್ಳೆಯ ಪಟ್ಟಿ ಅದು.

## ಮೆನು ಪಟ್ಟಿಯನ್ನು ತೆಗೆದುಹಾಕಬೇಕೆಂದು ಎಲ್ಲರೂ ಹೇಳುತ್ತಾರೆ. ತೆಗೆಯಲೇ?

ಮೊದಲ ವರ್ಷ ತೆಗೆಯಬೇಡಿ. ಕೀಲಿಯಿರುವ ಪ್ರತಿ ಸಾಲಿನ ಪಕ್ಕ ಅದನ್ನೂ ಬರೆದಿರುವ ಆ ಮೆನು ಈಮ್ಯಾಕ್ಸ್‌ನ ಸೌಲಭ್ಯಗಳಿಗೆ ಕಣ್ಣಿಗೆ ಕಾಣುವ ಸೂಚಿ. ಹೊಸ ಮೋಡ್ ಬಂದಾಗ ಅದರದೇ ಹೊಸ ಮೆನು ಸೇರಿಕೊಳ್ಳುತ್ತದೆ, ಅದನ್ನು ನೋಡಿದರೆ ಆ ಮೋಡ್ ಏನೇನು ಮಾಡಬಲ್ಲದೆಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

## ಕನ್ನಡದಲ್ಲಿ ಬರೆಯುವಾಗ ಸಹಾಯದ ಕೀಲಿಗಳು ಕೆಲಸ ಮಾಡುವುದಿಲ್ಲ.

ಲಿನಕ್ಸ್‌ನಲ್ಲಿ ಇಡೀ ಯಂತ್ರದ ಕೀಲಿಮಣೆಯನ್ನೇ ಭಾರತೀಯ ಲಿಪಿಗಳ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ ಬದಲಾಯಿಸಿಕೊಂಡವರಿಗೆ ಹೀಗಾಗುತ್ತದೆ. ಎಚ್ ಕೀಲಿ ಒತ್ತಿದರೂ ಎಡಿಟರಿಗೆ ಹೋಗುವುದು ಕನ್ನಡದ ಅಕ್ಷರ, ಕಂಟ್ರೋಲಿನ ಜೊತೆ ಆ ಅಕ್ಷರಕ್ಕೆ ಯಾವ ಆಜ್ಞೆಯೂ ಕಟ್ಟಿರುವುದಿಲ್ಲ. ಯಂತ್ರದ ಕೀಲಿಮಣೆಯನ್ನು ಇಂಗ್ಲಿಷಿನಲ್ಲೇ ಬಿಟ್ಟು, ಈಮ್ಯಾಕ್ಸ್‌ನ ಒಳಗಿನ ಬರವಣಿಗೆಯ ವಿಧಾನವನ್ನು ಬಳಸಿ. ಕಂಟ್ರೋಲ್-ಎಕ್ಸ್, ಎಂಟರ್, ಕಂಟ್ರೋಲ್ ಜೊತೆ ಹಿಂದಕ್ಕೆ ವಾಲಿದ ಓರೆಗೆರೆ ಒತ್ತಿ, ಕನ್ನಡ-ಐಟ್ರಾನ್ಸ್ (ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಬರೆಯುವ ಬಗೆ) ಅಥವಾ ಕನ್ನಡ-ಇನ್‌ಸ್ಕ್ರಿಪ್ಟ್ ಎಂದು ಕೊಡಿ. ಅನಂತರ ಕಂಟ್ರೋಲ್ ಮತ್ತು ಆ ಓರೆಗೆರೆಯಿಂದಲೇ ಕನ್ನಡ ಇಂಗ್ಲಿಷುಗಳ ನಡುವೆ ಓಡಾಡಬಹುದು. ಅಕ್ಷರಗಳು ಕನ್ನಡವಾಗುತ್ತವೆ, ಆಜ್ಞೆಯ ಕೀಲಿಗಳು ಹಾಗೆಯೇ ಇರುತ್ತವೆ.

ಯಾವ ಕೀಲಿಗೆ ಯಾವ ಅಕ್ಷರವೆಂದು ತಿಳಿಯಲು ಕಂಟ್ರೋಲ್-ಎಚ್ ಒತ್ತಿ ದೊಡ್ಡಕ್ಷರದ ಐ ಒತ್ತಿ, ವಿಧಾನದ ಹೆಸರು ಕೊಡಿ. ಪೂರ್ತಿ ಕೋಷ್ಟಕ ಬರುತ್ತದೆ. ಯಾರೋ ಕಳಿಸಿದ ಪಠ್ಯದಲ್ಲಿ ವಿಚಿತ್ರವಾಗಿ ಕಾಣುವ ಅಕ್ಷರವಿದ್ದರೆ ಕರ್ಸರನ್ನು ಅದರ ಮೇಲಿಟ್ಟು ಕಂಟ್ರೋಲ್-ಯು ಕಂಟ್ರೋಲ್-ಎಕ್ಸ್ ಒತ್ತಿ ಸಮ ಚಿಹ್ನೆಯ ಕೀಲಿ ಒತ್ತಿ. ಆ ಅಕ್ಷರದ ಯೂನಿಕೋಡ್ ಸಂಖ್ಯೆ, ಹೆಸರು, ಬಳಕೆಯಾದ ಫಾಂಟು ಎಲ್ಲವೂ ಸಿಗುತ್ತವೆ. ಕ ಅಕ್ಷರದ ಮೇಲೆ ಒತ್ತಿದರೆ 3221 ಎಂಬ ಸಂಖ್ಯೆ ಕಾಣಬೇಕು. ಒತ್ತಕ್ಷರಗಳು ಮುರಿದು ಕಾಣುತ್ತಿದ್ದರೆ ಟರ್ಮಿನಲ್ ಬಿಟ್ಟು ಈಮ್ಯಾಕ್ಸ್‌ನ ಸ್ವಂತ ಕಿಟಕಿಯಲ್ಲಿ ತೆರೆಯಿರಿ, ಮತ್ತು ಆವೃತ್ತಿ 27 ಅಥವಾ ಅದಕ್ಕಿಂತ ಹೊಸದಿರಲಿ; 2020ರಲ್ಲಿ ಬಂದ ಆ ಆವೃತ್ತಿಯಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಲೈಬ್ರರಿ ಬಳಕೆಯಾಗುತ್ತಿದೆ. ಕಂಟ್ರೋಲ್-ಎಚ್ ಎಚ್ ಒತ್ತಿದರೆ ಲೋಕದ ಹಲವು ಭಾಷೆಗಳಲ್ಲಿ ವಂದನೆ ಹೇಳುವ ಕಡತ ತೆರೆಯುತ್ತದೆ. ಅದರಲ್ಲಿ ಕನ್ನಡದ ನಮಸ್ಕಾರವೂ ಇದೆ. ಅದು ಸರಿಯಾಗಿ ಕಂಡರೆ ನಿಮ್ಮ ಫಾಂಟು ಸರಿಯಿದೆ.

## ನಾನು ವಿಮ್ ಬಳಸುತ್ತೇನೆ. ನನಗೂ ಇಂಥದ್ದಿದೆಯೇ?

ಇದೆ, ಬಹಳ ಅಚ್ಚುಕಟ್ಟಾಗಿದೆ. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ಆ ಎಡಿಟರಿನಲ್ಲಿ ಕೋಲನ್ ಒತ್ತಿ ಹೆಲ್ಪ್ ಎಂದು ಬರೆದು ಮುಂದೆ ವಿಷಯ ಕೊಡಬೇಕು. ಕೊಂಡಿಯ ಮೇಲೆ ಕಂಟ್ರೋಲ್ ಮತ್ತು ಬಲಗಡೆಯ ಚೌಕ ಆವರಣದ ಕೀಲಿ ಒತ್ತಿದರೆ ಒಳಗೆ ಹೋಗಬಹುದು, ಕಂಟ್ರೋಲ್-ಟಿ ಒತ್ತಿದರೆ ಹಿಂದೆ ಬರಬಹುದು. ಹೆಸರು ಗೊತ್ತಿಲ್ಲದಾಗ ಹೆಲ್ಪ್‌ಗ್ರೆಪ್ ಎಂಬ ಆಜ್ಞೆ ಎಲ್ಲ ಸಹಾಯ ಕಡತಗಳನ್ನೂ ಹುಡುಕುತ್ತದೆ. ಆರಂಭಕ್ಕೆ ಶೆಲ್‌ನಲ್ಲಿ, ಅಂದರೆ ಟರ್ಮಿನಲ್ಲಿನ ಆಜ್ಞಾಸಾಲಿನಲ್ಲಿ, ವಿಮ್‌ಟ್ಯೂಟರ್ ಎಂದು ಕೊಟ್ಟು ಅರ್ಧ ಗಂಟೆಯ ಪಾಠ ಮಾಡಿ.

## ನಾನೇ ಬರೆದ ಆಜ್ಞೆಗಳೂ ಈ ಸಹಾಯದಲ್ಲಿ ಸೇರುತ್ತವೆಯೇ?

ಸೇರುತ್ತವೆ, ಮತ್ತು ಯಾವ ವ್ಯತ್ಯಾಸವೂ ಇಲ್ಲದೆ ಸೇರುತ್ತವೆ. ಈಮ್ಯಾಕ್ಸ್ ತೆರೆಯುವಾಗಲೆಲ್ಲ ಓದುವ ನಿಮ್ಮ ಆರಂಭದ ಕಡತದಲ್ಲಿ, ಲಿಸ್ಪ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಒಂದು ಆಜ್ಞೆ ಬರೆಯುವಾಗ ಹೆಸರು ಮತ್ತು ಆರ್ಗ್ಯುಮೆಂಟುಗಳ ಕೆಳಗೆ, ಜೋಡಿ ಉದ್ಧರಣ ಚಿಹ್ನೆಗಳ ಒಳಗೆ ವಿವರಣೆಯೊಂದನ್ನು ಬರೆಯಿರಿ. ಅದು ಕನ್ನಡದಲ್ಲೇ ಇರಬಹುದು. ಮೊದಲ ಸಾಲನ್ನು ಪೂರ್ಣ ವಾಕ್ಯವಾಗಿ ಬರೆಯುವ ನಿಯಮವನ್ನು ಮಾತ್ರ ನೀವೂ ಪಾಲಿಸಿ, ಏಕೆಂದರೆ ಪಟ್ಟಿಗಳಲ್ಲಿ ಕಾಣುವುದು ಅದೊಂದೇ ಸಾಲು.

ನಮ್ಮ ನಿವೃತ್ತ ಹಿರಿಯರು ದೇವಸ್ಥಾನದ ಚರಿತ್ರೆಗಾಗಿ, ಆಯ್ದ ಭಾಗದಲ್ಲಿರುವ ಕನ್ನಡ ಅಂಕಿಗಳನ್ನು 1, 2, 3ರ ರೂಪಕ್ಕೆ ತಿರುಗಿಸುವ ಪುಟ್ಟ ಆಜ್ಞೆಯೊಂದನ್ನು ಬರೆದುಕೊಂಡು, ಅದರ ವಿವರಣೆಯನ್ನು ಮೂರು ವಾಕ್ಯಗಳಲ್ಲಿ ಕನ್ನಡದಲ್ಲಿ ಇಟ್ಟಿದ್ದಾರೆ. ತಿಂಗಳುಗಳ ಮೇಲೆ ಅದರ ಹೆಸರು ಮರೆತಾಗ ಅವರು ಕಂಟ್ರೋಲ್-ಯು ಕಂಟ್ರೋಲ್-ಎಚ್ ಡಿ ಒತ್ತಿ, ಕನ್ನಡ ಬರವಣಿಗೆ ಚಾಲೂ ಮಾಡಿ, "ಅಂಕಿ" ಎಂದು ಬರೆದರು. ಪಟ್ಟಿಯಲ್ಲಿ ಅವರದೇ ಆಜ್ಞೆ, ಅವರದೇ ಕನ್ನಡ ವಾಕ್ಯದೊಡನೆ ಬಂತು.